ಆಟದ ಬಿಡುವು ಕಡಿಮೆ ಮಾಡಿದರೆ ಮಕ್ಕಳು ಶಾಂತವಾಗಿ ಕೂರುತ್ತಾರಾ?

ಮೂರನೇ ಕ್ಲಾಸ್ ಟೀಚರ್

ನಮ್ಮ ಶಾಲೆಯಲ್ಲಿ ಹೊಸದೊಂದು ಮಾತು ಎದ್ದಿದೆ. ಮಧ್ಯಾಹ್ನದ ಆಟದ ಬಿಡುವನ್ನು 30 ನಿಮಿಷದಿಂದ 15ಕ್ಕೆ ಇಳಿಸಬೇಕು, ಉಳಿದ 15 ನಿಮಿಷ ಮಕ್ಕಳನ್ನು ಕಣ್ಣು ಮುಚ್ಚಿಸಿ ಕೂರಿಸಬೇಕು ಅಂತ. ಕಾರಣ ಇಲ್ಲದಿಲ್ಲ. ಹೊರಗಿನಿಂದ ಬಂದ ಮಕ್ಕಳು ಏದುಸಿರು ಬಿಡುತ್ತಾ, ಜಗಳದ ದೂರು ಹೊತ್ತು ತಂದು, ನೀರಿನ ಬಾಟಲಿ ಹುಡುಕುತ್ತಾ ನಿಲ್ಲುತ್ತಾರೆ. ಆ ಪೀರಿಯಡ್‌ನ ಮೊದಲ ಭಾಗ ಅದರಲ್ಲೇ ಮುಗಿದುಹೋಗುತ್ತದೆ. ಮೀಟಿಂಗ್‌ನಲ್ಲಿ ಒಬ್ಬರು "ತೊಂದರೆ ಇರುವುದೇ ಆಟದಲ್ಲಿ" ಅಂದರು. ಹಲವರು ತಲೆಯಾಡಿಸಿದರು.

ನನಗೇನೋ ಇದು ಸರಿ ಕಾಣುತ್ತಿಲ್ಲ. ಆದರೆ "ಸರಿ ಕಾಣುತ್ತಿಲ್ಲ" ಅಂದರೆ ಮೀಟಿಂಗ್‌ನಲ್ಲಿ ಯಾರು ಕೇಳುತ್ತಾರೆ? ನನ್ನ ಮಕ್ಕಳು 8–9 ವರ್ಷದವರು. ಟೀಚರ್‌ಗಳು, ಪೋಷಕರು, ಯಾರಾದರೂ ಸರಿ, ಹೇಳಿ. ಸುಮ್ನೆ ನನ್ನ ಪರ ಮಾತಾಡಬೇಕಿಲ್ಲ.

ಪಿಟಿ ಮೇಷ್ಟ್ರು

ಮೊದಲು ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಂಥ ಚಟುವಟಿಕೆ ಬೇಕು. ಮೂಳೆ, ಸ್ನಾಯು ಗಟ್ಟಿಯಾಗುವಂಥದ್ದು ವಾರದಲ್ಲಿ ಕನಿಷ್ಠ 3 ದಿನ ಇರಬೇಕು. ಈ 60 ನಿಮಿಷ ಎಲ್ಲಿಂದ ಬರಬೇಕು ಹೇಳಿ? ಮನೆಗೆ ಹೋದರೆ ಹೋಂವರ್ಕ್, ಟ್ಯೂಷನ್, ಫೋನು. ಎಷ್ಟೋ ಮಕ್ಕಳು ಇಡೀ ದಿನದಲ್ಲಿ ನಿಜವಾಗಿ ಓಡುವುದು ಶಾಲೆಯ ಬಿಡುವಿನಲ್ಲಿ ಮಾತ್ರ.

ಪಿಟಿ ಪೀರಿಯಡ್ ಇದೆಯಲ್ಲ ಅನ್ನುತ್ತಾರೆ, ಗೊತ್ತು. ಅದು ಬೇರೆ, ಇದು ಬೇರೆ. ನನ್ನ ಪೀರಿಯಡ್‌ನಲ್ಲಿ ಮಕ್ಕಳು ನಾನು ಹೇಳಿದ್ದನ್ನು ಮಾಡುತ್ತಾರೆ. ಬಿಡುವಿನಲ್ಲಿ ಯಾರು ಔಟು, ಯಾರನ್ನು ಸೇರಿಸಿಕೊಳ್ಳಬೇಕು, ನಿಯಮ ಯಾವಾಗ ಬದಲಾಯಿಸಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರ ಹೇಳಿಕೆಯಲ್ಲಿ ಇದನ್ನು ನೇರವಾಗಿ ಹೇಳಿದೆ. ಬಿಡುವು ಪಿಟಿಗೆ ಪೂರಕ, ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ. ಶಿಕ್ಷೆಗೆ ಅಂತಲೋ ಪಾಠಕ್ಕೆ ಅಂತಲೋ ಅದನ್ನು ಕಿತ್ತುಕೊಳ್ಳಲೂ ಬಾರದು.

ಫಿನ್‌ಲ್ಯಾಂಡ್‌ನಲ್ಲಿ ಸಾಮಾನ್ಯವಾಗಿ 45 ನಿಮಿಷ ಪಾಠ ಆದ ಮೇಲೆ 15 ನಿಮಿಷ ಬಿಡುವು. ಅವರ ಓದೇನೂ ಹಾಳಾಗಿಲ್ಲವಲ್ಲ.

ಹಳೇ ಹೆಡ್‌ಮಾಸ್ಟರ್

ಫಿನ್‌ಲ್ಯಾಂಡ್ ಹೆಸರು ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದೆ. ಅಲ್ಲಿ ಮಕ್ಕಳು ಒಂದನೇ ತರಗತಿಗೆ ಬರುವುದೇ 7ನೇ ವರ್ಷಕ್ಕೆ. ನಾನು ನೋಡಿಕೊಂಡ ಶಾಲೆ ಮೂರು ಮಹಡಿಯದು, ಮೆಟ್ಟಿಲು ಒಂದೇ. ಗಂಟೆಗೊಮ್ಮೆ ಎಲ್ಲರನ್ನೂ ಹೊರಗೆ ಬಿಟ್ಟು ಒಳಗೆ ಕರೆದಿದ್ದರೆ ಅರ್ಧ ದಿನ ಮೆಟ್ಟಿಲ ಮೇಲೇ ಕಳೆಯುತ್ತಿತ್ತು.

ಇನ್ನೊಂದು ಮಾತು. ಸುಮ್ಮನೆ ಕೂರುವುದೂ ಕಲಿಯಬೇಕಾದ ವಿದ್ಯೆಯೇ. ಅದನ್ನು ಹಿಂಸೆ ಅನ್ನುವಂತೆ ಮಾತಾಡುವುದು ಈಗ ಫ್ಯಾಶನ್ ಆಗಿದೆ. ಒಂದು ಪುಟ ಓದುವಷ್ಟು ಹೊತ್ತು ಒಂದೆಡೆ ನಿಲ್ಲದ ಮಗುವಿಗೆ ಆಟ ಜಾಸ್ತಿ ಕೊಟ್ಟರೆ ಓದು ಬಂದುಬಿಡುತ್ತದೆಯೇ?

ಪಿಟಿ ಮೇಷ್ಟ್ರು

ಬಂದುಬಿಡುತ್ತದೆ ಅಂತ ನಾನು ಹೇಳಲಿಲ್ಲ. ಆದರೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತು ಜೊತೆಯವರು ಮಾಡಿದ ಪ್ರಯೋಗ ಇದೆ, 2009ರಲ್ಲಿ ಪ್ರಕಟವಾಗಿದ್ದು. ಒಂಬತ್ತು ವರ್ಷದ ಆಸುಪಾಸಿನ ಮಕ್ಕಳು. ಒಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದರು, ಇನ್ನೊಂದು ದಿನ ಅಷ್ಟೇ ಹೊತ್ತು ಕೂತರು. ಎರಡೂ ದಿನ ಪರೀಕ್ಷೆ. ನಡೆದ ದಿನ ಗಮನದ ಪರೀಕ್ಷೆಯಲ್ಲಿ ತಪ್ಪು ಕಡಿಮೆ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಅಂಕ ಜಾಸ್ತಿ.

ಹಳೇ ಹೆಡ್‌ಮಾಸ್ಟರ್

ಆ ಪ್ರಯೋಗದಲ್ಲಿ ಇದ್ದಿದ್ದೇ 20 ಮಕ್ಕಳು ಅಂತ ನೆನಪು. ಅದೂ ಒಬ್ಬೊಬ್ಬರೇ, ಮಷಿನ್ ಮೇಲೆ, ನಡಿಗೆ. ಇವರ ಶಾಲೆಯ ಮೈದಾನದಲ್ಲಿ ಆಗುವುದು ನಡಿಗೆಯಾ?

ಮಕ್ಕಳ ಥೆರಪಿಸ್ಟ್

ನೀವಿಬ್ಬರೂ ಆ ಪ್ರಯೋಗದ ಒಂದು ವಿವರ ಬಿಟ್ಟಿದ್ದೀರಿ. ಟೀಚರ್‌ಗೆ ಬೇಕಾಗಿರುವುದು ಅದೇ. ಟ್ರೆಡ್‌ಮಿಲ್‌ನಿಂದ ಇಳಿಸಿದ ತಕ್ಷಣ ಮಕ್ಕಳ ಕೈಗೆ ಪ್ರಶ್ನೆಪತ್ರಿಕೆ ಕೊಡಲಿಲ್ಲ. ಎದೆಬಡಿತ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿಯುವ ತನಕ ಕಾದು, ಆಮೇಲೆ ಪರೀಕ್ಷೆ ಮಾಡಿದರು.

ಈಗ ಒಂದು ಸಾಮಾನ್ಯ ಶಾಲೆಯ ದಿನ ನೋಡಿ. ಗಂಟೆ ಬಾರಿಸುತ್ತದೆ, ಮಗು ಮೈದಾನದ ಆ ತುದಿಯಿಂದ ಓಡಿ ಬರುತ್ತದೆ, ಮೆಟ್ಟಿಲು ಹತ್ತುತ್ತದೆ, ಕೂತ ಕೂಡಲೇ "ಪುಸ್ತಕ ತೆಗೀರಿ" ಅಥವಾ "ಕಣ್ಣು ಮುಚ್ಚಿ". ಆ ಹೊತ್ತಿಗೆ ಅದರ ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ. ಮೈ ಬಿಸಿ, ಬಾಯಿ ಒಣಗಿದೆ, ಔಟಾಗಿದ್ದೋ ಅಲ್ಲವೋ ಅನ್ನುವ ಜಗಳ ತಲೆಯಲ್ಲಿ ಇನ್ನೂ ನಡೆಯುತ್ತಿದೆ. ಇಂಥ ಮಗು ಅಲುಗಾಡದೆ ಕೂರುವುದಕ್ಕೆ ಎಷ್ಟು ಕಷ್ಟ ಪಡುತ್ತದೆ ಅಂದರೆ, ಬೇರೆ ಯಾವುದಕ್ಕೂ ಗಮನವೇ ಉಳಿಯುವುದಿಲ್ಲ.

ಆದ್ದರಿಂದ ಟೀಚರ್, ನಿಮ್ಮ ಶಾಲೆಯಲ್ಲಿ ಆಟ ಜಾಸ್ತಿಯೂ ಇಲ್ಲ, ಶಾಂತ ಸಮಯ ಕಡಿಮೆಯೂ ಇಲ್ಲ. ಆಟದಿಂದ ಪಾಠಕ್ಕೆ ಇಳಿಯುವುದಕ್ಕೆ ಹೊತ್ತೇ ಇಲ್ಲ. ಬಿಡುವನ್ನು 15ಕ್ಕೆ ಇಳಿಸಿದರೂ ಮಕ್ಕಳು ಅಷ್ಟೇ ಏದುಸಿರಿನಲ್ಲಿ ಒಳಗೆ ಬರುತ್ತಾರೆ. ಜೊತೆಗೆ ಆಟ ಅರ್ಧಕ್ಕೇ ನಿಂತ ಸಿಟ್ಟು ಬೇರೆ.

ಮಕ್ಕಳನ್ನು ಆ ಏದುಸಿರಿನಿಂದ ಇಳಿಸುವುದು ಹೇಗೆ ಅಂದರೆ, ಸ್ನಾಯುಗಳಿಗೆ, ಕೀಲುಗಳಿಗೆ ಭಾರ ಬೀಳುವ ನಿಧಾನದ ಕೆಲಸ ಎಷ್ಟೋ ಮಕ್ಕಳನ್ನು ತಣ್ಣಗಾಗಿಸುತ್ತದೆ. ನಾವು ಇದನ್ನು ಭಾರದ ಕೆಲಸ ಅನ್ನುತ್ತೇವೆ. ಪುಸ್ತಕದ ಕಟ್ಟು ಹೊರುವುದು, ಕುರ್ಚಿ ತಳ್ಳುವುದು, ಎರಡೂ ಅಂಗೈಯಿಂದ ಗೋಡೆಯನ್ನು ನೂಕುವುದು. ಗಿರಗಿರ ತಿರುಗುವುದು, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವುದು ಇದರ ತದ್ವಿರುದ್ಧ, ಅದು ಎಬ್ಬಿಸುತ್ತದೆ. ಬಿಡುವಿನ ಕೊನೆಯ ಐದು ನಿಮಿಷದಲ್ಲಿ ಯಾವ ಆಟ ನಡೆಯುತ್ತದೆ ಅನ್ನುವುದು ಅದಕ್ಕೇ ಮುಖ್ಯ.

ಉಸಿರಾಟ ಮಾಡಿಸುವುದಾದರೆ ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದ ಇರಲಿ. ಉಸಿರು ಬಿಡುವಾಗ ಎದೆಬಡಿತ ತಾನಾಗೇ ಸ್ವಲ್ಪ ಇಳಿಯುತ್ತದೆ. "ಡೀಪ್ ಬ್ರೆತ್ ತಗೊಳ್ಳಿ" ಅಂದರೆ ಮಕ್ಕಳು ಭುಜ ಏರಿಸಿ ಗಾಳಿ ತುಂಬಿಕೊಂಡು ನಿಲ್ಲುತ್ತಾರೆ, ಅಷ್ಟೇ. ಉದ್ದಕ್ಕೆ "ಮ್‌‌ಮ್" ಅಂತ ಗುನುಗಲು ಹೇಳಿ ನೋಡಿ. ಅವರಿಗೆ ಅದು ಆಟ, ನಿಮಗೆ ಉದ್ದನೆಯ ಉಸಿರು.

ಇಬ್ಬರ ಅಮ್ಮ

ನನ್ನ ದೊಡ್ಡ ಮಗನ ಹಿಂದಿನ ಶಾಲೆಯಲ್ಲಿ ಬರೆಯುವುದು ಮುಗಿಯದಿದ್ದರೆ ಬಿಡುವಿಗೆ ಬಿಡುತ್ತಿರಲಿಲ್ಲ. ಅವನು ನಿಧಾನ ಬರೆಯುವ ಹುಡುಗ. ಹಾಗಾಗಿ ವಾರಕ್ಕೆ ನಾಲ್ಕು ದಿನ ಒಳಗೇ. ಬಿಡುವಿಲ್ಲದೆ ಮಧ್ಯಾಹ್ನ ಇನ್ನೂ ನಿಧಾನ, ಇನ್ನೂ ತರಲೆ, ಮರುದಿನ ಮತ್ತೆ ಒಳಗೇ. ಯಾರಿಗೆ ಓಟ ಎಲ್ಲರಿಗಿಂತ ಜಾಸ್ತಿ ಬೇಕೋ ಅವರಿಗೇ ಅದನ್ನು ತಪ್ಪಿಸುವ ಈ ಪದ್ಧತಿ ಯಾರ ತಲೆಗೆ ಹೊಳೆಯಿತೋ.

ನಿಮ್ಮ ಶಾಲೆಯ ಕಣ್ಣು ಮುಚ್ಚಿ ಕೂರುವ ಹೊತ್ತೂ ಇದೇ ದಾರಿ ಹಿಡಿಯುತ್ತದೆ ಅಂತ ನನ್ನ ಭಯ. ಮೊದಲು ಎಲ್ಲರಿಗೂ ಅನ್ನುತ್ತಾರೆ. ಆಮೇಲೆ ಗಲಾಟೆ ಮಾಡಿದವರಿಗೆ ಐದು ನಿಮಿಷ ಜಾಸ್ತಿ. ಅಲ್ಲಿಗೆ ಶಾಂತವಾಗಿ ಕೂರುವುದು ಅಂದರೆ ಶಿಕ್ಷೆ ಅಂತ ಮಕ್ಕಳ ಮನಸ್ಸಿನಲ್ಲಿ ಕೂತುಬಿಡುತ್ತದೆ. ಅದನ್ನು ತೆಗೆಯುವುದು ಸುಲಭ ಅಲ್ಲ.

ಮೂಲೆಯ ಹುಡುಗಿಯ ಅಪ್ಪ

ಎಲ್ಲರೂ ಓಡುವ ಮಕ್ಕಳ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಮಗಳಿಗೆ ದಿನದಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು ಅಂದರೆ ಆಟದ ಬಿಡುವು. ಕೂಗಾಟ, ನೂಕಾಟ, ಯಾವ ಗುಂಪಿಗೆ ಸೇರಬೇಕು ಅನ್ನುವ ಗೊಂದಲ. ಕ್ಲಾಸಿನಲ್ಲಿ ಅವಳು ಆರಾಮಾಗಿ ಇರುತ್ತಾಳೆ, ಬಿಡುವಿನಿಂದ ಬರುವಾಗ ಸುಸ್ತಾಗಿರುತ್ತಾಳೆ. ಇಷ್ಟು ಸಾಲದು ಅಂತ "ಹೋಗಮ್ಮಾ, ಎಲ್ಲರ ಜೊತೆ ಆಡು" ಅಂತ ದೊಡ್ಡವರ ಒತ್ತಾಯ ಬೇರೆ.

ಮಕ್ಕಳ ಹಕ್ಕುಗಳ ಬಗ್ಗೆ 1989ರ ವಿಶ್ವಸಂಸ್ಥೆಯ ಒಪ್ಪಂದ ಇದೆಯಲ್ಲ, ಅದರ 31ನೇ ವಿಧಿಯನ್ನು ಎಲ್ಲರೂ ಆಟದ ಹಕ್ಕು ಅಂತ ಹೇಳುತ್ತಾರೆ. ತೆಗೆದು ಓದಿ. ವಿಶ್ರಾಂತಿ, ಬಿಡುವು, ಆಟ ಮೂರೂ ಒಂದೇ ಸಾಲಿನಲ್ಲಿವೆ. ಮೊದಲು ಬರುವುದೇ ವಿಶ್ರಾಂತಿ.

ನಾನು ಕೇಳುವುದು ಇಷ್ಟೇ. ಬಿಡುವಿನಲ್ಲೇ ಒಂದು ಸದ್ದಿಲ್ಲದ ಜಾಗ ಇರಲಿ. ಮರದ ಕೆಳಗೆ ಬೆಂಚೋ, ಲೈಬ್ರರಿ ಬಾಗಿಲು ತೆರೆದಿಡುವುದೋ. ಬೇಕಾದವರು ಅಲ್ಲಿರಲಿ, ಬೇಕಾದವರು ಓಡಲಿ. ಎಲ್ಲರಿಗೂ ಒಂದೇ ಹೊತ್ತಿನಲ್ಲಿ ಆಟ, ಒಂದೇ ಹೊತ್ತಿನಲ್ಲಿ ಮೌನ ಯಾಕೆ?

ಪಿಟಿ ಮೇಷ್ಟ್ರು

ಇದು ಒಳ್ಳೆ ಮಾತು. ಒಂದು ಸೇರಿಸುತ್ತೇನೆ: ಲೈಬ್ರರಿಗೆ ಹೋಗುವ ಮಗು ದಿನಾ ಅಲ್ಲೇ ಇದ್ದುಬಿಟ್ಟರೆ ಅದರ 60 ನಿಮಿಷ ಎಲ್ಲಿ? ಅಂಥ ಮಕ್ಕಳಿಗೆ ಗುಂಪಿಲ್ಲದ ಆಟ ಬೇಕು. ಸ್ಕಿಪ್ಪಿಂಗ್ ಹಗ್ಗ, ಗೋಡೆಗೆ ಚೆಂಡು ಹೊಡೆಯುವುದು, ಒಬ್ಬಳೇ ಗೆಳತಿಯ ಜೊತೆ ಸುತ್ತು ಹಾಕುವುದು. ಗುಂಪು ಬೇಡ ಅಂದಮಾತ್ರಕ್ಕೆ ಮೈ ಆಡಿಸುವುದೇ ಬೇಡ ಅಂತ ಅಲ್ಲವಲ್ಲ.

ಮೂಲೆಯ ಹುಡುಗಿಯ ಅಪ್ಪ

ಒಪ್ಪಿದೆ. ಹಗ್ಗ ಅವಳಿಗೆ ಇಷ್ಟ.

ನರ್ಸರಿ ಟೀಚರ್

ಚಿಕ್ಕ ಮಕ್ಕಳದ್ದು ಬೇರೆಯೇ ಲೆಕ್ಕ, ಆದರೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 5 ವರ್ಷದ ಒಳಗಿನವರಿಗೆ ಬೇರೆ ಮಾರ್ಗಸೂಚಿ ಕೊಟ್ಟಿದೆ. 3–4 ವರ್ಷದವರಿಗೆ ದಿನಕ್ಕೆ 180 ನಿಮಿಷ ಓಡಾಟ, ಅದರಲ್ಲಿ 60 ನಿಮಿಷ ಚುರುಕಿನ ಆಟ. ಜೊತೆಗೆ 10ರಿಂದ 13 ಗಂಟೆ ನಿದ್ದೆ. ಓಟ, ಕೂರುವುದು, ನಿದ್ದೆ ಮೂರನ್ನೂ ಒಂದೇ ದಿನದ ಲೆಕ್ಕವಾಗಿ ನೋಡಿದ್ದಾರೆ, ಅದು ನನಗೆ ಹಿಡಿಸಿತು. ರಾತ್ರಿ ನಿದ್ದೆ ಕೆಟ್ಟ ಮಗುವಿಗೆ ಹಗಲಿನಲ್ಲಿ ನಾವು ಏನು ಸರ್ಕಸ್ ಮಾಡಿದರೂ ಅಷ್ಟಕ್ಕಷ್ಟೇ.

ಮೌನದ ಬಗ್ಗೆ ಹೆಡ್‌ಮಾಸ್ಟರ್ ಹೇಳಿದ್ದು ನಿಜ, ಅದೂ ಕಲಿಯುವ ವಿದ್ಯೆಯೇ. ಆದರೆ ಕಲಿಸುವ ರೀತಿ ಬೇಕು. ಮರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ಚಿಕ್ಕ ಮಕ್ಕಳಿಗೆ ಮಕ್ಕಳ ಮನೆ ಅನ್ನುವ ತಮ್ಮ ಮೊದಲ ಶಾಲೆ ತೆರೆದರು. ಅವರ ಪದ್ಧತಿಯಲ್ಲಿ ಮೌನ ಒಂದು ಆಟ. ಮಕ್ಕಳು ತಾವಾಗಿ ಅಲುಗಾಡದೆ ಕೂರುತ್ತಾರೆ, ಗಡಿಯಾರದ ಸದ್ದು, ಹೊರಗಿನ ಹಕ್ಕಿಯ ಸದ್ದು ಕೇಳಿಸಿಕೊಳ್ಳುತ್ತಾರೆ. ಟೀಚರ್ ಪಕ್ಕದ ಕೋಣೆಯಿಂದ ಒಬ್ಬೊಬ್ಬರ ಹೆಸರನ್ನು ಪಿಸುಮಾತಿನಲ್ಲಿ ಕರೆಯುತ್ತಾರೆ. ಹೆಸರು ಕೇಳಿದ ಮಗು ಸದ್ದಾಗದಂತೆ ಎದ್ದು ಹೋಗಬೇಕು. ನನ್ನ ಕ್ಲಾಸಿನ ಮಹಾ ತುಂಟ ಇದರಲ್ಲಿ ಎಲ್ಲರಿಗಿಂತ ಮುಂದೆ. ತನ್ನ ಹೆಸರು ಎಲ್ಲಿ ತಪ್ಪಿಹೋಗುತ್ತದೋ ಅಂತ ಉಸಿರು ಹಿಡಿದು ಕೂರುತ್ತಾನೆ.

ಗಮನಿಸಿ, ಇಲ್ಲಿ ಯಾರೂ "ಸುಮ್ನಿರು" ಅಂತ ಕೂಗುವುದಿಲ್ಲ. ಮೌನ ಮಾಡುವುದಕ್ಕೆ ಮಗುವಿಗೆ ಒಂದು ಕಾರಣ ಇದೆ.

ಹಳೇ ಹೆಡ್‌ಮಾಸ್ಟರ್

ಇದು ನನಗೆ ಒಪ್ಪಿಗೆ. ಕೂಗಿ ಮೌನ ತರಿಸುವುದನ್ನು ನಾನೂ ಒಪ್ಪಿದವನಲ್ಲ.

ಆದರೆ ಮೈದಾನದ ಮಾತು ಇನ್ನೂ ಮುಗಿದಿಲ್ಲ. ಟೀಚರ್ ಹೇಳಿದ ಜಗಳದ ದೂರುಗಳು ಎಲ್ಲಿಂದ ಬರುತ್ತವೆ? ಕುಸ್ತಿ, ನೂಕಾಟ, ಮೈಮೇಲೆ ಬೀಳುವುದು. ಅದನ್ನಾದರೂ ನಿಲ್ಲಿಸಬೇಕಲ್ಲವೇ?

ಪಿಟಿ ಮೇಷ್ಟ್ರು

ನಿಜವಾದ ಜಗಳ ನಿಲ್ಲಿಸಬೇಕು. ಆಟದ ಕುಸ್ತಿ ಬೇರೆ. ಗುರುತು ಹಿಡಿಯುವುದು ಕಷ್ಟ ಇಲ್ಲ. ಆಟವಾದರೆ ಮುಖದಲ್ಲಿ ನಗು ಇರುತ್ತದೆ. ಬಲಿಷ್ಠ ಹುಡುಗ ಬೇಕಂತಲೇ ಕೆಳಗೆ ಬೀಳುತ್ತಾನೆ. ಅಟ್ಟಿಸಿಕೊಂಡು ಹೋಗುವ ಸರದಿ ಬದಲಾಗುತ್ತಿರುತ್ತದೆ. ಮುಗಿದ ಮೇಲೆ ಇಬ್ಬರೂ ಜೊತೆಗೇ ಉಳಿಯುತ್ತಾರೆ. ಜಗಳವಾದರೆ ಮುಖ ಬಿಗಿದಿರುತ್ತದೆ, ಯಾವಾಗಲೂ ಒಬ್ಬನೇ ಕೆಳಗೆ, ಮುಗಿದ ಕೂಡಲೇ ದೂರ ದೂರ. ದೂರದಲ್ಲಿ ನಿಂತು ಟೀ ಕುಡಿಯುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ. ಬಿಡುವಿನಲ್ಲಿ ದೊಡ್ಡವರು ಮಕ್ಕಳ ನಡುವೆ ಓಡಾಡಬೇಕು. ಆಟ ನಡೆಸುವುದಕ್ಕಲ್ಲ, ನೋಡುವುದಕ್ಕೆ.

ಮೂರನೇ ಕ್ಲಾಸ್ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಇಳಿಯುವ ಹೊತ್ತು ಅನ್ನುವ ಮಾತು ನನಗೆ ಹಿಡಿಸಿತು. ಆದರೆ ಕ್ಲಾಸಿನಲ್ಲಿ 38 ಮಕ್ಕಳಿದ್ದಾರೆ, ನಾನು ಒಬ್ಬಳೇ. ಗಂಟೆ ಬಾರಿಸಿದಾಗಿನಿಂದ ಮೊದಲ ಹತ್ತು ನಿಮಿಷ ನಿಜವಾಗಿ ಹೇಗಿರಬೇಕು? ದೂರುಗಳನ್ನು ಏನು ಮಾಡಲಿ? "ಆಮೇಲೆ ಕೇಳುತ್ತೇನೆ" ಅಂದರೆ ಅಳುತ್ತಾರೆ.

ಬಹುತರಗತಿ ಟೀಚರ್

ದೂರಿಗೆ ನಾನು ಮಾಡುವುದು ಹೇಳುತ್ತೇನೆ. ಬಾಗಿಲ ಹತ್ತಿರ ಚೀಟಿ, ಪೆನ್ಸಿಲ್, ಒಂದು ಡಬ್ಬಿ. ದೂರು ಇದ್ದವರು ಬರೆದು ಹಾಕಬೇಕು. ಬರೆಯಲು ಬರದವರು ಚಿತ್ರ ಬರೆಯಲಿ. ಮನೆಗೆ ಹೋಗುವ ಮುಂಚೆ ಡಬ್ಬಿ ತೆರೆಯುತ್ತೇನೆ ಅಂತ ಹೇಳಿದ್ದೇನೆ, ತೆರೆಯುತ್ತೇನೆ ಕೂಡ. ಒಂದು ದಿನ ತಪ್ಪಿಸಿದರೂ ಮಕ್ಕಳಿಗೆ ನಂಬಿಕೆ ಹೋಗುತ್ತದೆ. ಆ ಹೊತ್ತಿಗೆ ಜಾಸ್ತಿ ಚೀಟಿಗಳ ಬಗ್ಗೆ ಮಕ್ಕಳೇ "ಈಗ ಸರಿ ಹೋಯ್ತು ಮಿಸ್" ಅನ್ನುತ್ತಾರೆ. ಉಳಿದ ಒಂದೆರಡು ನಿಜವಾಗಿ ಕೇಳಬೇಕಾದವು. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅದು ಪೀಡನೆ ಇರಬಹುದು, ಆಗ ಸುಮ್ಮನೆ ಬಿಡಬಾರದು. ಪೆಟ್ಟಾಗಿದ್ದರೆ ಮಾತ್ರ ಚೀಟಿ ಇಲ್ಲ, ನೇರ ನನ್ನ ಹತ್ತಿರ.

ಗಂಟೆ ಎರಡು ಸಲ ಬಾರಿಸುತ್ತದೆ. ಮೊದಲನೆಯದು ಐದು ನಿಮಿಷ ಮುಂಚೆ. ಆಗ ಆಟ ಮುಗಿಸಿಕೊಳ್ಳುವುದು, ಸಾಮಾನು ಹೊತ್ತು ತರುವುದು, ಮುಖ ತೊಳೆದು ನೀರು ಕುಡಿಯುವುದು. ಎರಡನೆಯದಕ್ಕೆ ನಡೆದು ಒಳಗೆ. ಕೂತ ಮೇಲೆ ನಾನು ಕತೆ ಓದುತ್ತೇನೆ. ಕೈ ಕಟ್ಟಿ ಕೂರಬೇಕು ಅಂತ ನಿಯಮ ಇಲ್ಲ. ಮೇಜಿನ ಮೇಲೆ ತಲೆ ಇಡಬಹುದು, ಗೀಚಬಹುದು, ಹಿಂದೆ ನಿಂತು ಕೇಳಬಹುದು. ನನ್ನ ದನಿ ಸಣ್ಣಗೆ ಇಡುತ್ತೇನೆ. ಕತೆ ಕೇಳಬೇಕಾದರೆ ಅವರೂ ಸಣ್ಣಗಾಗಬೇಕು.

ಮತ್ತೊಂದು, ಇದು ಟೈಮ್‌ಟೇಬಲ್ ಮಾಡುವವರಿಗೆ. ಬಿಡುವಿನ ಮರುಕ್ಷಣ ಗಣಿತದ ಟೆಸ್ಟ್ ಇಡಬೇಡಿ.

ಮಕ್ಕಳ ಥೆರಪಿಸ್ಟ್

ಚೀಟಿ ಡಬ್ಬಿ ನನಗೂ ಬೇಕು! ಒಂದೇ ಎಚ್ಚರಿಕೆ. ಕಣ್ಣು ಮುಚ್ಚಲು ಒತ್ತಾಯ ಬೇಡ. ಕೆಲವು ಮಕ್ಕಳಿಗೆ ಗುಂಪಿನ ನಡುವೆ ಕಣ್ಣು ಮುಚ್ಚಿದರೆ ಹೆದರಿಕೆ ಆಗುತ್ತದೆ. ನೆಲದ ಮೇಲೆ ಒಂದು ಜಾಗ ನೋಡು ಅಂದರೆ ಸಾಕು.

ಹಳೇ ಹೆಡ್‌ಮಾಸ್ಟರ್

ಎರಡು ಸಲ ಗಂಟೆ ಬಾರಿಸುವ ಪದ್ಧತಿಗೆ ಖರ್ಚಿಲ್ಲ, ಆಡಳಿತದವರು ಒಪ್ಪಬಹುದು. ಮೀಟಿಂಗ್‌ನಲ್ಲಿ ಅದನ್ನೇ ಮೊದಲು ಹೇಳಿ. ಫಿನ್‌ಲ್ಯಾಂಡ್ ಎತ್ತಬೇಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಬೇರೆ ಉದಾಹರಣೆ ಬೇಕಾದರೆ ಸ್ಕಾಟ್ಲೆಂಡ್‌ನ ಸ್ಟರ್ಲಿಂಗ್‌ನದು ಹೇಳಿ. ಅಲ್ಲಿನ ಶಾಲೆಯೊಂದರ ಮುಖ್ಯಸ್ಥೆ ಎಲೇನ್ ವೈಲಿ 2012ರಲ್ಲಿ ಶುರು ಮಾಡಿದ್ದು. ದಿನಕ್ಕೆ 15 ನಿಮಿಷ ಮಕ್ಕಳು ಹೊರಗೆ ಬಂದು ತಮ್ಮ ವೇಗದಲ್ಲಿ ಓಡುತ್ತಾರೆ, ಇಲ್ಲವೇ ನಡೆಯುತ್ತಾರೆ. ಡ್ರೆಸ್ ಬದಲಾಯಿಸುವುದಿಲ್ಲ, ಸಾಮಾನು ಬೇಡ, ಸ್ಪರ್ಧೆ ಇಲ್ಲ. ಡೈಲಿ ಮೈಲ್ ಅಂತ ಹೆಸರಾಯಿತು. ಹೆಡ್‌ಮಾಸ್ಟರ್‌ಗಳಿಗೆ ಇಂಥದ್ದು ಅರ್ಥ ಆಗುತ್ತದೆ.

ಪಿಟಿ ಮೇಷ್ಟ್ರು

ಚೆನ್ನಾಗಿದೆ, ಆದರೆ ಬಿಡುವಿನ ಹೊತ್ತನ್ನು ಕತ್ತರಿಸಿ ಅದನ್ನು ಮಾಡಿಸಬಾರದು. ಸಾಲಾಗಿ ಓಡುವುದು ಮಕ್ಕಳೇ ಕಟ್ಟಿದ ಆಟ ಅಲ್ಲ.

ಮೂರನೇ ಕ್ಲಾಸ್ ಟೀಚರ್

ಬರೆದುಕೊಂಡೆ. ಬಿಡುವು 30 ನಿಮಿಷವೇ ಇರಲಿ, ಕೊನೆಯ ಐದು ನಿಮಿಷ ಇಳಿಯುವುದಕ್ಕೆ ಅಂತ ಕೇಳುತ್ತೇನೆ. ಒಳಗೆ ಬಂದ ಮೇಲೆ ಹತ್ತು ನಿಮಿಷ ಕತೆ, ಅದು ಹೇಗೂ ಭಾಷೆಯ ಪೀರಿಯಡ್‌ಗೇ ಸೇರುತ್ತದೆ. ಲೈಬ್ರರಿ ಬಾಗಿಲ ಮಾತೂ ಎತ್ತುತ್ತೇನೆ. ಒಂದೇ ಪ್ರಶ್ನೆ ಉಳಿಯಿತು. ಮಳೆ ಬಂದ ದಿನ ಏನು ಮಾಡುವುದು? ಆ ದಿನಗಳಲ್ಲಂತೂ ದೇವರೇ ಗತಿ.

ಮಕ್ಕಳ ಥೆರಪಿಸ್ಟ್

ಶಾಲೆಯ ಬಿಡುವಿನ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಆಂಥನಿ ಪೆಲಿಗ್ರಿನಿ ಮತ್ತು ಜೊತೆಯವರು 1995ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಳಗೇ ಕೊಟ್ಟ ಬಿಡುವನ್ನೂ ನೋಡಿದ್ದರು. ಹೊರಗೆ ಹೋಗದಿದ್ದರೂ ಬಿಡುವಿನ ನಂತರ ಮಕ್ಕಳ ಗಮನ ಮೊದಲಿಗಿಂತ ಚೆನ್ನಾಗಿತ್ತು. ಹಾಗಾಗಿ ಮಳೆ ಬಂತು ಅಂತ ಪಾಠ ಮುಂದುವರಿಸಬೇಡಿ. ಬಿಡುವು ಬಿಡುವಾಗಿಯೇ ಇರಲಿ.

ಪಿಟಿ ಮೇಷ್ಟ್ರು

ಬೆಂಚುಗಳನ್ನು ಮಕ್ಕಳೇ ಗೋಡೆಗೆ ಸರಿಸಲಿ, ಆಮೇಲೆ ಸ್ಟ್ಯಾಚ್ಯೂ ಆಟ. ಹಾಡು ಇರುವ ತನಕ ಕುಣಿಯಬೇಕು, ನಿಂತಾಗ ಕಲ್ಲು. ಎಬ್ಬಿಸುವುದು, ನಿಲ್ಲಿಸುವುದು ಎರಡೂ ಅದರಲ್ಲೇ ಇದೆ. ಕೊನೆಯ ಸುತ್ತುಗಳಲ್ಲಿ ಹಾಡು ನಿಧಾನದ್ದು ಹಾಕಿ. ಮುಗಿದ ಮೇಲೆ ಬೆಂಚುಗಳನ್ನು ಅವರೇ ಎತ್ತಿ ವಾಪಸ್ ಇಡಲಿ, ಭಾರದ ಕೆಲಸವೂ ಆಯಿತು.

ಹಳೇ ಹೆಡ್‌ಮಾಸ್ಟರ್

ಕೆಳಗಿನ ಮಹಡಿಯ ಕ್ಲಾಸಿಗೆ ಮೊದಲೇ ಹೇಳಿಡಿ.